ಮೂಸಿಯ ಲೆಕ್ಕ ವಾರ್ಡಿನ ಸಭೆಗೆ ಬರಲಿ



1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದಿನೊಳಗೆ ಉಕ್ಕಿ ಹರಿಯಿತು. ಅಂದು ಪ್ರಾಣ ತೆತ್ತವರ ಸಂಖ್ಯೆ ಸುಮಾರು 15,000 ಎಂದು ಅಂದಾಜು. ಮರುವರ್ಷ ನಿಜಾಮರ ಸರ್ಕಾರ ಆಹ್ವಾನಿಸಿದ್ದು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರಿಗೆ ಒಪ್ಪಿಸಿದ ಕಾರ್ಯಗಳು ಮೂರು: ನಗರದ ಪುನರ್ನಿರ್ಮಾಣಕ್ಕೆ ಸಲಹೆ ನೀಡುವುದು, ಪ್ರವಾಹದಿಂದ ರಕ್ಷಣೆಯ ಯೋಜನೆ ರೂಪಿಸುವುದು, ಸಂಪೂರ್ಣ ಒಳಚರಂಡಿ ವ್ಯವಸ್ಥೆಯನ್ನು ಸಿದ್ಧಪಡಿಸುವುದು. ನಗರದ ಮೇಲ್ಭಾಗದ ನೂರಾರು ಕೆರೆಗಳಲ್ಲಿ ಅನೇಕವು ಒಂದರ ಹಿಂದೊಂದು ಒಡೆದದ್ದು ಅನಾಹುತವನ್ನು ಹೆಚ್ಚಿಸಿತ್ತೆಂಬುದನ್ನು ಅವರು ಗುರುತಿಸಿದರು; ನೀರನ್ನು ಮೇಲೆಯೇ ತಡೆದು ನಿಲ್ಲಿಸುವ ಜಲಾಶಯಗಳನ್ನು ಸೂಚಿಸಿದರು. ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ 1927ರಲ್ಲಿ ಹಿಮಾಯತ್ ಸಾಗರ ನಿರ್ಮಾಣಗೊಂಡವು.

ಈ ಇತಿಹಾಸದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನದಿ, ಚರಂಡಿ ಮತ್ತು ಜೀವರಕ್ಷಣೆ ಮೂರೂ ಅಂದು ಒಂದೇ ಕಡತದಲ್ಲಿದ್ದವು. ಇಂದು ಅವು ಬೇರೆ ಬೇರೆ ಕಚೇರಿಗಳಿಗೆ ಹಂಚಿಹೋಗಿವೆ. ಪ್ರಜೆಗಳು ಮತ ನೀಡಿ ಆರಿಸಿದ ನಗರಪಾಲಿಕೆಯ ಸಭೆಗೆ ಮಾತ್ರ ಅವುಗಳಲ್ಲಿ ಯಾವುದರ ಪೂರ್ಣ ಲೆಕ್ಕವೂ ಬರುವುದಿಲ್ಲ.

ಒಳಚರಂಡಿಯ ಹೊಣೆ 1989ರ ಕಾಯ್ದೆಯಂತೆ ಮಹಾನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದು. ಅದರ ಅಧ್ಯಕ್ಷರು ಮುಖ್ಯಮಂತ್ರಿಗಳು. ನದೀತೀರದ ಹೊಣೆ 2017ರಲ್ಲಿ ಸ್ಥಾಪಿತವಾದ ಮೂಸಿ ನದೀತೀರ ಅಭಿವೃದ್ಧಿ ನಿಗಮದ್ದು. ಅದೊಂದು ಸರ್ಕಾರಿ ಕಂಪನಿ. ಮಳೆನೀರಿನ ನಾಲೆಗಳು ಪಾಲಿಕೆಗೆ ಸೇರಿವೆ. ಪಾಲಿಕೆಯ ಅಂಗವಾಗಿದ್ದ ವಿಪತ್ತು ಸ್ಪಂದನಾ ಪಡೆಯು 2024ರ ಜುಲೈನಲ್ಲಿ ರಚಿತವಾದ ‘ಹೈಡ್ರಾ’ ಸಂಸ್ಥೆಯ ಅಧೀನಕ್ಕೆ ಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಾಲಿಕೆಯ ಅಧಿಕಾರಗಳನ್ನು ಅಂಥ ಸಂಸ್ಥೆಗೆ ವಹಿಸಿಕೊಡಲು ಅವಕಾಶ ನೀಡುವ ಸುಗ್ರೀವಾಜ್ಞೆಯೂ ಹೊರಟಿತು. ಸಂವಿಧಾನದ 12ನೇ ಅನುಸೂಚಿಯಾದರೋ ನೈರ್ಮಲ್ಯ, ಕೊಳೆಗೇರಿಗಳ ಸುಧಾರಣೆ, ಅಗ್ನಿಶಾಮಕ ಸೇವೆ ಇವೆಲ್ಲವನ್ನೂ ನಗರಸಂಸ್ಥೆಗಳ ವಿಷಯಗಳೆಂದೇ ಪಟ್ಟಿ ಮಾಡಿದೆ.

ಇನ್ನು ಶುದ್ಧೀಕರಣದ ಲೆಕ್ಕ. 2021ರಲ್ಲಿ ಸರ್ಕಾರವೇ ಮುಂದಿಟ್ಟ ಅಂಕಿಗಳಂತೆ ಈ ಮಹಾನಗರ ಪ್ರದೇಶದಿಂದ ದಿನವೊಂದಕ್ಕೆ ಸುಮಾರು 195 ಕೋಟಿ ಲೀಟರ್ ಕೊಳಚೆ ನೀರು ಹೊರಬರುತ್ತದೆ. ಆಗ ಇದ್ದ ಶುದ್ಧೀಕರಣ ಸಾಮರ್ಥ್ಯ ಸುಮಾರು 77 ಕೋಟಿ ಲೀಟರ್. ಉಳಿದದ್ದು ಕೆರೆ, ನಾಲೆಗಳ ಮೂಲಕ ಮೂಸಿಯ ಪಾಲಾಗುತ್ತಿತ್ತು. ಈ ಕೊರತೆಯನ್ನು ನೀಗಲು ಸುಮಾರು 126 ಕೋಟಿ ಲೀಟರ್ ಸಾಮರ್ಥ್ಯದ 31 ಹೊಸ ಘಟಕಗಳಿಗೆ 3,866 ಕೋಟಿ ರೂಪಾಯಿ ಮಂಜೂರಾಯಿತು. ಕಾಗದದ ಮೇಲೆ ಕೂಡಿಸಿದರೆ ಸಾಮರ್ಥ್ಯವು ಕೊಳಚೆಯ ಪ್ರಮಾಣವನ್ನು ಮೀರುತ್ತದೆ. ಆದರೆ ಘಟಕದ ಸಾಮರ್ಥ್ಯ ಬೇರೆ, ಅದರೊಳಗೆ ವಾಸ್ತವವಾಗಿ ಹರಿದು ಶುದ್ಧವಾದ ನೀರು ಬೇರೆ. ಮನೆಯ ಚರಂಡಿಯನ್ನು ಘಟಕಕ್ಕೆ ಜೋಡಿಸುವ ಕೊಳವೆ ಇಲ್ಲದಿದ್ದರೆ, ವಿದ್ಯುತ್ ಶುಲ್ಕಕ್ಕೂ ನಿರ್ವಹಣೆಗೂ ವರ್ಷವರ್ಷ ಹಣವಿಲ್ಲದಿದ್ದರೆ, ಕೋಟಿಗಟ್ಟಲೆಯ ಆಸ್ತಿ ಆಯವ್ಯಯ ಪತ್ರದಲ್ಲಿ ಮಾತ್ರ ಉಳಿಯುತ್ತದೆ.

2024ರಲ್ಲಿ ನದೀತೀರ ಯೋಜನೆಯ ಕುರಿತು ರಾಜಕೀಯ ಚರ್ಚೆ ಕಾವೇರಿದಾಗ ಕೇಳಿಬಂದ ಮೊತ್ತ ಒಂದೂವರೆ ಲಕ್ಷ ಕೋಟಿ ರೂಪಾಯಿ. 31 ಘಟಕಗಳಿಗೆ ಮಂಜೂರಾದ ಮೊತ್ತದ ಸುಮಾರು 39 ಪಟ್ಟು. ಅಂತಿಮ ವೆಚ್ಚ ಎಷ್ಟೇ ಆಗಲಿ, ನೀರನ್ನು ಶುದ್ಧಗೊಳಿಸುವ ಖರ್ಚು ಮತ್ತು ದಡವನ್ನು ಅಲಂಕರಿಸುವ ಖರ್ಚು ಬೇರೆ ಬೇರೆ ಶೀರ್ಷಿಕೆಗಳಡಿ ಪ್ರಜೆಗಳ ಮುಂದೆ ಬರಬೇಕು. ಕೆಳಗಿನ ನಲ್ಗೊಂಡ ಸೀಮೆಯಲ್ಲಿ ಈ ನೀರಿನಿಂದಲೇ ಭತ್ತ ಬೆಳೆಯುವ ರೈತರಿಗೆ ಮೊದಲನೆಯದೇ ಮುಖ್ಯ.

ಆ ವರ್ಷದ ಸೆಪ್ಟೆಂಬರಿನಲ್ಲಿ ಚಾದರ್‌ಘಾಟ್, ಮೂಸಾನಗರ, ಶಂಕರನಗರಗಳಲ್ಲಿ ನದೀಪಾತ್ರದ ಮನೆಗಳ ಗೋಡೆಗಳಿಗೆ ಅಧಿಕಾರಿಗಳು ಕೆಂಪು ಗುರುತು ಹಾಕಿದರು. ನಿವಾಸಿಗಳಿಗೆ ಎರಡು ಮಲಗುವ ಕೋಣೆಗಳ ಸರ್ಕಾರಿ ಮನೆಗಳನ್ನು ನೀಡುವುದಾಗಿ ಪ್ರಕಟಿಸಲಾಯಿತು. ಕೆಲವರು ಹೋದರು, ಕೂಲಿ, ಶಾಲೆ, ವ್ಯಾಪಾರ ಎಲ್ಲವೂ ಇಲ್ಲಿಯೇ ಇದೆಯೆಂದು ಹಲವರು ಪ್ರತಿಭಟಿಸಿದರು. ತೆರವಿನ ವಿಧಾನವನ್ನು ತೆಲಂಗಾಣ ಉಚ್ಚ ನ್ಯಾಯಾಲಯವೂ ಪ್ರಶ್ನಿಸಿತು. ಮರುವರ್ಷ, 2025ರ ಸೆಪ್ಟೆಂಬರಿನ ಕೊನೆಯ ವಾರದಲ್ಲಿ, ಎರಡೂ ಜಲಾಶಯಗಳ ಬಾಗಿಲು ತೆರೆದಾಗ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೂ ದಡದ ಬಡಾವಣೆಗಳಿಗೂ ನೀರು ನುಗ್ಗಿತು. ನದೀಪಾತ್ರದಲ್ಲಿ ಉಳಿಯುವುದು ಅಪಾಯವೆಂಬುದು ಸತ್ಯ. ಸಮ್ಮತಿಯಿಲ್ಲದೆ ಸ್ಥಳಾಂತರಿಸುವುದು ಅನ್ಯಾಯವೆಂಬುದೂ ಸತ್ಯ. ಇವೆರಡನ್ನೂ ತೂಗಿ ನೋಡಲು ತಕ್ಕ ಸ್ಥಳ ವಾರ್ಡ್ ಸಮಿತಿ. ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ಅದು ಇರಲೇಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ.

ಆಪತ್ಕಾಲದ ಸೇವೆಯಲ್ಲಿ ಹೈದರಾಬಾದಿಗೆ ಹೆಮ್ಮೆಯ ಸ್ಥಾನವಿದೆ. 108 ಆಂಬುಲೆನ್ಸ್ ಸೇವೆ ಆರಂಭವಾದದ್ದು ಇಲ್ಲಿಂದಲೇ, 2005ರ ಆಗಸ್ಟ್ 15ರಂದು. 2008ರಲ್ಲಿ ಅದು ‘ಆರೋಗ್ಯ ಕವಚ’ವೆಂಬ ಹೆಸರಿನಿಂದ ಕರ್ನಾಟಕವನ್ನು ತಲುಪಿತು. ಆದರೆ ಎದೆಮಟ್ಟದ ನೀರು ನಿಂತ ಓಣಿಗೆ ಆಂಬುಲೆನ್ಸ್ ಬರಲಾರದು. 2020ರ ಅಕ್ಟೋಬರ್ 13ರ ರಾತ್ರಿಯಂಥ ಮಳೆಯಲ್ಲಿ ಮೊದಲು ಒದಗುವವರು ಪಕ್ಕದ ಮನೆಯವರೇ.

ಸದ್ಭಾವನೆಯೊಂದೇ ಸಾಕೆಂದು ಭಾವಿಸುವುದೂ ಅಪಾಯಕರ. ಸಾಂಗಲಿ, ಕೊಲ್ಲಾಪುರ, ಬೆಳಗಾವಿ ಕಡೆಯ ಕುಟುಂಬಗಳಿಗೆ 2019ರ ಕೃಷ್ಣಾ ಪ್ರವಾಹದ ನೆನಪು ಮಾಸಿರಲಾರದು. ಆ ಆಗಸ್ಟ್ 8ರಂದು ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಜನರನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುತ್ತಿದ್ದ ಸ್ಥಳೀಯ ದೋಣಿಯೊಂದು ಮಿತಿಮೀರಿದ ಭಾರದಿಂದ ಮಗುಚಿ ಅನೇಕರು ಅಸುನೀಗಿದರು. ದೋಣಿಗೆ ಎಷ್ಟು ಮಂದಿ, ಜೀವರಕ್ಷಕ ಕವಚ ಎಷ್ಟು, ಅಪ್ಪಣೆ ಯಾರದು ಎಂಬುದನ್ನು ಬೇಸಿಗೆಯಲ್ಲಿಯೇ ನಿಶ್ಚಯಿಸಿರಬೇಕು.

ಇದಕ್ಕೆ ಮಾರ್ಗವೂ ಹಣವೂ ಇವೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದಾ ಮಿತ್ರ’ ಯೋಜನೆಯು 350 ಜಿಲ್ಲೆಗಳ ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ, ಸಲಕರಣೆ ಮತ್ತು ವಿಮೆಯನ್ನು ಒದಗಿಸುವ ಗುರಿಯಿಟ್ಟುಕೊಂಡಿತು. 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ. 10ರಷ್ಟನ್ನು ಪೂರ್ವಸಿದ್ಧತೆ ಮತ್ತು ಸಾಮರ್ಥ್ಯವರ್ಧನೆಗೆಂದೇ ಬೇರೆಯಾಗಿರಿಸಿತು. 2025ರ ತಿದ್ದುಪಡಿಯು ಮಹಾನಗರಗಳಿಗೆ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ಅವಕಾಶ ನೀಡಿದೆ. ಅದರ ಅಧ್ಯಕ್ಷತೆ ಪಾಲಿಕೆಯ ಆಯುಕ್ತರದು, ಚುನಾಯಿತ ಮೇಯರರದಲ್ಲ. ಇಲ್ಲಿಯೂ ಕೊರತೆ ಅದೇ.

ಆದುದರಿಂದ ಪ್ರತಿಯೊಬ್ಬ ನಾಗರಿಕನೂ ತನ್ನ ಪಾಲಿಕೆಯ ಸದಸ್ಯರ ಮುಂದೆ ನಾಲ್ಕು ಬೇಡಿಕೆಗಳನ್ನಿಡುವುದು ಉಚಿತ. ಒಂದು, ಪ್ರತಿ ಶುದ್ಧೀಕರಣ ಘಟಕಕ್ಕೆ ಬಂದ ನೀರು, ಶುದ್ಧವಾಗಿ ಹೊರಟ ನೀರು, ತಗುಲಿದ ವೆಚ್ಚ ಇವುಗಳ ಮಾಸಿಕ ಪಟ್ಟಿ ವಾರ್ಡಿನಲ್ಲಿ ಪ್ರಕಟವಾಗಬೇಕು. ಎರಡು, ಸ್ಥಳಾಂತರದ ನಿರ್ಣಯ ವಾರ್ಡ್ ಸಮಿತಿಯಲ್ಲಿ ಚರ್ಚೆಯಾಗಬೇಕು. ಮೂರು, ತರಬೇತಿ ಮತ್ತು ವಿಮೆ ಪಡೆದ ಸ್ವಯಂಸೇವಕರ ನೋಂದಣಿ ಪುಸ್ತಕ ಪ್ರತಿ ವಾರ್ಡಿನಲ್ಲಿರಬೇಕು. ನಾಲ್ಕು, ದೋಣಿ, ಹಗ್ಗ, ಕವಚಗಳಿಗೆ ಪಾಲಿಕೆಯ ಆಯವ್ಯಯದಲ್ಲಿ ಪ್ರತ್ಯೇಕ ಶೀರ್ಷಿಕೆಯಿರಬೇಕು.

ಶ್ರಾವಕರ ಮನೆಗಳಲ್ಲಿ ನೀರನ್ನು ಸೋಸಿಯೇ ಕುಡಿಯುವುದು, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಮತ್ತೆ ಅದೇ ಜಲಕ್ಕೆ ಬಿಡುವುದು ತಲೆತಲಾಂತರದ ಆಚರಣೆ. ಒಳಬರುವ ಬಿಂದಿಗೆಯ ಬಗೆಗಿರುವ ಈ ಎಚ್ಚರ ಮನೆಯಿಂದ ಹೊರಹೋಗುವ ಚರಂಡಿಯ ಬಗೆಗೂ ಇರಬೇಡವೇ? ದಾನಗಳಲ್ಲಿ ಅಭಯದಾನಕ್ಕೆ ವಿಶೇಷ ಮಹಿಮೆಯುಂಟು. ನೆರೆಯ ರಾತ್ರಿಯಲ್ಲಿ ಅಭಯವೆಂದರೆ ತರಬೇತಿ ಪಡೆದ ಎರಡು ಕೈಗಳು ಮತ್ತು ಒಂದು ಗಟ್ಟಿ ಹಗ್ಗ. ಬಸದಿಗಳ ಜೀರ್ಣೋದ್ಧಾರಕ್ಕೆ ಉದಾರವಾಗಿ ನೀಡುವ ಸಮಾಜವು, ತಾನಿರುವ ಊರು ಹೈದರಾಬಾದಾಗಲಿ ಪುಣೆಯಾಗಲಿ, ತನ್ನ ವಾರ್ಡಿನ ಹತ್ತು ಯುವಕ ಯುವತಿಯರ ತರಬೇತಿಗೂ ಕೈ ನೀಡಲಿ. ಬರುವ ಮುಂಗಾರಿಗೆ ಮುನ್ನ ಅವರ ಹೆಸರುಗಳು ನೋಂದಣಿ ಪುಸ್ತಕವನ್ನು ಸೇರಲಿ.