ಕೈಗುಣವಲ್ಲ, ಗಿಡದ ಗುಣ

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ತಿಪಟೂರಿಗೆ ಹೋಗಿದ್ದಾಗ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ಒಣಗಿದ ಗಿಡವೊಂದನ್ನು ಕುಂಡದ ಸಮೇತ ತಂದು ನನ್ನ ಮುಂದಿಟ್ಟಳು. ಹೊರದೇಶದ ಪುಸ್ತಕವೊಂದರಲ್ಲಿ ಕುಳ್ಳ ಲೈಲಾಕ್‌ನ ಬೋನ್ಸಾಯ್ ಚಿತ್ರ ನೋಡಿ ಮರುಳಾಗಿ, ಕೂಡಿಟ್ಟಿದ್ದ ಹಣವನ್ನೆಲ್ಲ ಕೊಟ್ಟು ದೂರದಿಂದ ತರಿಸಿದ್ದಳಂತೆ. ಎರಡು ವರ್ಷ ಜತನ ಮಾಡಿದರೂ ಒಂದು ಹೂವೂ ಬಿಡಲಿಲ್ಲ. ಬೇಸಗೆಯ ಬಿಸಿಲಿಗೆ ಸೊರಗಿದ್ದ ಗಿಡ ಆಷಾಢದ ಗಾಳಿಗೆ ಒಣಗಿಯೇ ಹೋಯಿತು. “ನನ್ನ ಕೈಗುಣ ಸರಿಯಿಲ್ಲ ಸಾರ್, ಇನ್ನು ಗಿಡ ಮುಟ್ಟೋದಿಲ್ಲ” ಎಂದಳು. ಅಂದು ಅವಳಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳುತ್ತೇನೆ.

ಲೈಲಾಕ್ ನಮ್ಮ ಮಲ್ಲಿಗೆ, ಪಾರಿಜಾತಗಳ ಕುಟುಂಬಕ್ಕೇ ಸೇರಿದ್ದು. ಆದರೆ ಅದರ ತವರು ಶೀತ ಸೀಮೆ: ಯೂರೋಪಿನ ಬಾಲ್ಕನ್ ಬೆಟ್ಟಗಳು, ಚೀನಾ, ಕೊರಿಯಾ. ನಮ್ಮ ಹಿಮಾಲಯದಲ್ಲೂ ಅದರದೊಂದು ಜಾತಿಯಿದೆ. ಹಿಂದಿನ ಬೇಸಗೆಯಲ್ಲೇ ಮೂಡುವ ಅದರ ಹೂಮೊಗ್ಗುಗಳು ಚಳಿಗಾಲದಲ್ಲಿ ನಿದ್ರೆಗೆ ಜಾರುತ್ತವೆ. ಆ ನಿದ್ರೆ ತಿಳಿಯಲು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ವಾರಗಟ್ಟಲೆ ಬೇಕು. ಸೇಬಿನ ಸಂಗತಿಯೂ ಹೀಗೆಯೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಧನುರ್ಮಾಸದ ಮುಂಜಾವು ನಮಗೆ ನಡುಕ ಹುಟ್ಟಿಸಬಹುದು. ಲೈಲಾಕಿಗೆ ಅದು ಸಾಲದು. ಗಿಡ ಕುಳ್ಳಾದ ಮಾತ್ರಕ್ಕೆ ಚಳಿಯ ಅಗತ್ಯ ತಪ್ಪುವುದಿಲ್ಲ.

ಇನ್ನು ಗಾಳಿ. ಎಲೆಯ ಸುತ್ತ ತೇವದ ತೆಳುವಾದ ಹೊದಿಕೆಯಿರುತ್ತದೆ. ಗಾಳಿ ಅದನ್ನು ಕ್ಷಣಕ್ಷಣಕ್ಕೂ ಒರೆಸಿಹಾಕುವುದರಿಂದ ಎಲೆ ಹೆಚ್ಚು ನೀರು ಕಳೆದುಕೊಳ್ಳುತ್ತದೆ. ಬೋನ್ಸಾಯ್ ತಟ್ಟೆಯಲ್ಲಿರುವ ಮಣ್ಣು ನಾಲ್ಕೈದು ಬೊಗಸೆ. ಬೇರು ಅಷ್ಟು ವೇಗವಾಗಿ ನೀರೊದಗಿಸಲಾರದೆ ಎಲೆಯ ಅಂಚು ಸುಡುತ್ತದೆ. ಇದರಲ್ಲಿ ಕೈಗುಣದ ಮಾತೆಲ್ಲಿ ಬಂತು?

“ಹಾಗಾದರೆ ನಮ್ಮ ತೆಂಗನ್ನೇ ಬೋನ್ಸಾಯ್ ಮಾಡಬಹುದಾ ಸಾರ್?” ಎಂದು ಇನ್ನೊಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ತೆಂಗಿಗೆ ಬೆಳೆಯುವ ಸುಳಿ ಒಂದೇ. ಅದನ್ನು ಕತ್ತರಿಸಿದರೆ ಮರವೇ ಸಾಯುತ್ತದೆ. ಬೋನ್ಸಾಯ್‌ಗೆ ಬೇಕಾದದ್ದು ಕತ್ತರಿಸಿದಷ್ಟೂ ಕವಲೊಡೆಯುವ, ವರ್ಷವರ್ಷವೂ ಕಾಂಡ ದಪ್ಪವಾಗುವ ಮರ. ಆದರೆ ತೆಂಗಿನಿಂದ ಕಲಿಯುವ ಪಾಠವೊಂದಿದೆ. ಅದರ ಗರಿ ಸೀಳುಸೀಳಾಗಿದ್ದು ಗಾಳಿಯನ್ನು ಎದುರಿಸದೆ ದಾಟಿಸಿಬಿಡುತ್ತದೆ.

ಆ ಪಾಠದಂತೆ ಮೊದಲ ಆಯ್ಕೆ ಹುಣಸೆ. ಬಿಸಿಲು, ಬರ ಅದಕ್ಕೆ ಹೊಸದಲ್ಲ. ಚಿಕ್ಕ ಎಲೆಗಳಿರುವುದರಿಂದ ಪುಟ್ಟ ಗಿಡವೂ ದೊಡ್ಡ ಮರದಂತೆ ಕಾಣುತ್ತದೆ. ಎರಡನೆಯದು ಆಲ. ಹಳೆಯ ಗೋಡೆಯ ಬಿರುಕಿನಲ್ಲಿ ಹಿಡಿ ಮಣ್ಣೂ ಇಲ್ಲದೆ ಬದುಕುವ ಗಿಡಕ್ಕೆ ತಟ್ಟೆಯ ಬದುಕು ಕಷ್ಟವೇ? ಬೆಂಗಳೂರಿನ ಬಳಿ ರಾಮೋಹಳ್ಳಿಯಲ್ಲಿ ಎಕರೆಗಟ್ಟಲೆ ಹರಡಿರುವ ದೊಡ್ಡ ಆಲದ ಮರವೂ ಇದೇ ಜಾತಿಯದು. ಬಣ್ಣವೇ ಬೇಕೆಂದರೆ ಕಾಗದದ ಹೂವಿನ ಗಿಡವಿದೆ. ಚೆನ್ನಾಗಿ ಬಿಸಿಲು ಬಿದ್ದು, ನೀರು ತುಸು ಕಡಿಮೆಯಾದಾಗಲೇ ಅದು ಮೈತುಂಬ ಹೂ ಬಿಡುತ್ತದೆ.

ಸೋಸಿದ ಕೆಂಪು ಮಣ್ಣು, ದಪ್ಪ ಮರಳು, ಕೊಳೆತ ಗೊಬ್ಬರದ ಜೊತೆ ಸ್ವಲ್ಪ ತೆಂಗಿನ ನಾರಿನ ಪುಡಿ ಬೆರೆಸಿ. ಅದು ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ. ಅದರಲ್ಲಿನ ಉಪ್ಪು ಹೋಗುವಂತೆ ಮೊದಲೇ ಎರಡು ಮೂರು ನೀರಿನಲ್ಲಿ ತೊಳೆಯಿರಿ. ತಟ್ಟೆಯ ತಳದ ತೂತುಗಳ ಮೂಲಕ ತಂತಿ ತೂರಿಸಿ ಬೇರಿನ ಬುಡವನ್ನು ಬಿಗಿಯಿರಿ. ಬೇರು ಕತ್ತರಿಸುವ ಕೆಲಸ ಏಪ್ರಿಲ್, ಮೇ ತಿಂಗಳಲ್ಲಿ ಬೇಡ. ಮುಂಗಾರು ಹಿಡಿದ ಮೇಲೆ ಮಾಡಿ, ಕೆಲವು ವಾರ ಗೋಡೆಯ ಮರೆಯಲ್ಲಿಡಿ. ತೆಂಗಿನ ನೆರಳು ಹಿತವೇ, ಆದರೆ ಕಾಯಿ, ಗರಿ ಬೀಳುವ ಜಾಗದಿಂದ ದೂರವಿರಲಿ! ಬೆಂಗಳೂರಿಗೆ ಬಂದಾಗ ಲಾಲ್‌ಬಾಗಿನ ಬೋನ್ಸಾಯ್ ತೋಟವನ್ನು ತಪ್ಪದೆ ನೋಡಿ.

ಆ ಹುಡುಗಿ ಮಳೆಗಾಲದಲ್ಲಿ ಮನೆಯ ಕಾಂಪೌಂಡ್ ಗೋಡೆಯಿಂದ ಆಲದ ಸಸಿಯೊಂದನ್ನು ಬಿಡಿಸಿ ಅದೇ ಕುಂಡದಲ್ಲಿ ನೆಟ್ಟಳು. ಮೂರು ವಾರಕ್ಕೆ ಎರಡು ಚಿಗುರು ಬಂದಿವೆಯೆಂದು ಕಾಗದ ಬರೆದಳು. ಕೈಗುಣದ ಮಾತು ಅದರಲ್ಲಿರಲಿಲ್ಲ.