ಸ್ವರ ಕಂಡಾಗ ಕಿವಿಗೆ ಕೇಳಬೇಕು



ಬರೆದ ಸ್ವರವನ್ನು ನೋಡಿದ ಕೂಡಲೇ ಹಾಡುವ ವಿದ್ಯೆ ನಮ್ಮದಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಿಂದೂಸ್ತಾನಿ ಸಂಗೀತದ ವಿದ್ವಾಂಸ ಭಾತಖಂಡೆಯವರು ‘ಕ್ರಮಿಕ ಪುಸ್ತಕ ಮಾಲಿಕೆ’ಯ ಆರು ಭಾಗಗಳಲ್ಲಿ ಬಂದಿಶ್‌ಗಳನ್ನು ಸ್ವರಲಿಪಿಯಲ್ಲೇ ಕೊಟ್ಟರು. ಸ್ವರದ ಕೆಳಗೆ ಅಡ್ಡಗೆರೆ ಇದ್ದರೆ ಕೋಮಲ, ಮಧ್ಯಮದ ತಲೆಯ ಮೇಲೆ ಉದ್ದಗೆರೆ ಇದ್ದರೆ ತೀವ್ರ; ಚುಕ್ಕಿ ಕೆಳಗಿದ್ದರೆ ಮಂದ್ರ, ಮೇಲಿದ್ದರೆ ತಾರ. ಗುರುತುಗಳನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಗೆರೆ ಕಂಡೊಡನೆ ಆ ಸ್ವರ ಒಳಗೆ ಕೇಳಿಸಬೇಕಲ್ಲ, ಕಷ್ಟವಿರುವುದು ಅಲ್ಲಿ.

ದಿನವೂ ಎದುರು ಕೂತು ತಿದ್ದುವ ಗುರು ಎಲ್ಲ ಮಕ್ಕಳಿಗೂ ಸಿಗುವುದಿಲ್ಲ. ಆದ್ದರಿಂದ ಕಿವಿ ಪಳಗಿಸುವ ತಂತ್ರಾಂಶಗಳನ್ನು ಮನಸಾರೆ ಸ್ವಾಗತಿಸುತ್ತೇನೆ. ‘ಗ್ನೂ ಸೋಲ್ಫೆಜ್’ ಉಚಿತವಾಗಿದೆ. ಎರಡು ಸ್ವರ ಕೇಳಿಸಿ ಅಂತರ ಗುರುತಿಸಲು ಹೇಳುತ್ತದೆ, ಹಾಡಲೂ ಹೇಳುತ್ತದೆ. ಎಷ್ಟು ಸಲ ತಪ್ಪಿದರೂ ಬೇಸರಿಸುವುದಿಲ್ಲ.

ಆದರೆ ಇಂಥವು ಬಹುಪಾಲು ಪಿಯಾನೋ ಶ್ರುತಿಯವು. ಪಿಯಾನೋ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುತ್ತದೆ. ಷಡ್ಜ 240 ಹರ್ಟ್ಜ್ ಎಂದಿಟ್ಟುಕೊಳ್ಳಿ. ಚೆನ್ನಾಗಿ ಕೂಡಿಸಿದ ತಂಬೂರಿಯ ಖರ್ಜದ, ಅಂದರೆ ಮಂದ್ರ ಷಡ್ಜದ, ತಂತಿ ತಾನಾಗಿ ಹೊಮ್ಮಿಸುವ ಗಾಂಧಾರ ಮಧ್ಯ ಸಪ್ತಕದ ಲೆಕ್ಕಕ್ಕೆ 300. ಪಿಯಾನೋದ್ದು ಸುಮಾರು 302.4. ಅಂಕಿಯಲ್ಲಿ ಸಣ್ಣದು, ಕಿವಿಗೆ ಸಣ್ಣದಲ್ಲ: ಎರಡೂ ಕೂಡಿ ನುಡಿದರೆ ದನಿ ಅಲುಗುತ್ತದೆ. ಆಕಾಶವಾಣಿ 1940ರಿಂದ 1971ರವರೆಗೆ ಇದೇ ಬಗೆಯ ಶ್ರುತಿಯ ಹಾರ್ಮೋನಿಯಂ ಅನ್ನು ದೂರವಿಟ್ಟಾಗ ಈ ಆಕ್ಷೇಪವೂ ಅದರ ಮೇಲಿತ್ತು. ಇನ್ನೊಂದು ಮಾತು. ಸಾ–ಮ ಅಂತರವೂ ಪ–ತಾರ ಸಾ ಅಂತರವೂ ಯಂತ್ರಕ್ಕೆ ಒಂದೇ. ಹಾಡುವವರಿಗೆ ಒಂದು ಮನೆಯಿಂದ ಹೊರಟದ್ದು, ಇನ್ನೊಂದು ಮನೆಗೆ ಬಂದದ್ದು. ಷಡ್ಜ ಸದಾ ಮೊಳಗುತ್ತಿದ್ದರೆ ಮಾತ್ರ ಈ ಭೇದ ತಿಳಿಯುತ್ತದೆ. ಫೋನಿನ ತಂಬೂರಿಯಾದರೂ ಸರಿ, ಹಚ್ಚಿಟ್ಟೇ ಕೂಡಿ. ಮೊದಲು ಹಾಡಿ, ಆಮೇಲೆ ಉತ್ತರದ ಗುಂಡಿ ಒತ್ತಿ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಅಲ್ಲಿನ ಗುರುಗಳಾದ ಪಂಚಾಕ್ಷರ ಗವಾಯಿಗಳಿಗೂ ಪುಟ್ಟರಾಜರಿಗೂ ಕಣ್ಣಿರಲಿಲ್ಲ. ಪುಸ್ತಕ ನೋಡದೆ, ಕಿವಿಯಿಂದಲೇ ಎಷ್ಟೊಂದು ಗಾಯಕರನ್ನು ಬೆಳೆಸಿದರು! ಸ್ವರಲಿಪಿ ಹಿಡಿದವರೂ ಆ ಕಿವಿಯನ್ನೇ ಸಂಪಾದಿಸಬೇಕು.

ಅದಕ್ಕೆ ಸಾಮಗ್ರಿ ನಮ್ಮ ಹುಡಗಿ ಗ್ರಾಮದ ಪಕ್ಕದಲ್ಲೇ ಇದೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಹುಮನಾಬಾದ್ ಹತ್ತಿರದ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿಯಲ್ಲಿ ಪದಗಳನ್ನು ರಚಿಸಿದರು. ನಿಮ್ಮ ನಾಲಿಗೆಯ ಮೇಲಿರುವ ಒಂದು ಪದ ಆರಿಸಿ, ವಾದ್ಯ ಮುಟ್ಟದೆ ಅದರ ಸ್ವರ ಬರೆಯಿರಿ. ಸಾಹಿತ್ಯ ಬರೆಯಬೇಡಿ. ಹಾಳೆಯನ್ನು ಗೆಳೆಯರ ಕೈಗೆ ಕೊಟ್ಟು ಹಾಡಿಸಿ. ಪದ ಯಾವುದೆಂದು ಅವರಿಗೆ ಗೊತ್ತಾದರೆ ನೀವು ಬರೆದದ್ದೂ ಸರಿ, ಅವರು ಓದಿದ್ದೂ ಸರಿ.