ಮಕ್ಕಳ ವಾರ್ಡ್ ಕೂಡ ನಮ್ಮ ಅಮಾನತ್

(ಚಿತ್ರದುರ್ಗದಲ್ಲಿ ಜುಮಾ ದಿನ ನೀಡಿದ ಪ್ರವಚನದ ಸಾರ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಜಮಾಅತ್‌ಗಳ ಸಹೋದರರೂ ಬಂದಿದ್ದರು.)





ಪ್ರವಾದಿ(ಸ)ರು ನಮಾಝ್‌ಗೆ ನಿಂತಾಗ ಅದನ್ನು ದೀರ್ಘವಾಗಿ ನಿರ್ವಹಿಸಬೇಕೆಂದು ಬಯಸುತ್ತಿದ್ದರು. ಆದರೆ ಹಿಂದಿನಿಂದ ಮಗುವೊಂದು ಅಳುವ ಸದ್ದು ಕೇಳಿದರೆ, ಆ ತಾಯಿಗೆ ಆಗುವ ಸಂಕಟವನ್ನು ನೆನೆದು ನಮಾಝನ್ನು ಚಿಕ್ಕದಾಗಿ ಮುಗಿಸುತ್ತಿದ್ದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿರುವ ಸಂಗತಿ ಇದು. ನಮಾಝ್‌ಗಿಂತ ದೊಡ್ಡ ಕೆಲಸ ಯಾವುದಿದೆ? ಅದರ ಉದ್ದವನ್ನೇ ಒಂದು ಮಗುವಿನ ಅಳು ಬದಲಿಸಿತು. ಇಂದು ನಾನು ಮಾತಾಡಲಿರುವುದು ನಮ್ಮ ಜಿಲ್ಲೆಯ ಮಕ್ಕಳ ವಾರ್ಡ್‌ಗಳ ಬಗ್ಗೆ. ಜುಮಾದಲ್ಲಿ ಆಸ್ಪತ್ರೆಯ ವಿಷಯವೇಕೆ ಎಂದು ಯಾರಿಗಾದರೂ ಅನಿಸಿದರೆ ಈ ಹದೀಸನ್ನು ನೆನಪಿಸಿಕೊಳ್ಳಲಿ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಗಾರೆ ಕೆಲಸ ಮಾಡುವ ಒಬ್ಬ ಸಹೋದರರು ನನ್ನ ಬಳಿ ಬಂದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಅವರ ಮಗುವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದ್ದರು. ಎರಡನೆಯ ಕಡೆ ಮಗು ಒಳಗೆ, ಇವರು ಹೊರಗೆ. ಎರಡು ದಿನ ಯಾರೂ ಏನೂ ಹೇಳಲಿಲ್ಲ. ಹೆಂಡತಿ ಮೊದಲಿನ ಆಸ್ಪತ್ರೆಯಲ್ಲೇ ಉಳಿದಿದ್ದಳು. ಕೈಯಲ್ಲಿದ್ದ ದುಡ್ಡು ಮುಗಿಯಿತು. ಮೂರನೆಯ ದಿನ ಇವರು ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತೇನೆ ಎಂಬ ಕಾಗದಕ್ಕೆ ಸಹಿ ಮಾಡಿ ಮಗುವನ್ನು ಮನೆಗೆ ತಂದರು. ಮಾರನೆಯ ದಿನ ದಫನ್ ಮಾಡಿದೆವು. ಆಮೇಲೆ ಅವರು ನನ್ನನ್ನು ಕೇಳಿದರು: "ಹಜ್ರತ್, ನಾನು ಸಹಿ ಮಾಡದಿದ್ದರೆ ಕೂಸು ಉಳೀತಿತ್ತಾ?"

ನಾನು ಸಬ್ರ್ ಮಾಡಿ ಎಂದೆ. ಅಲ್ಲಾಹನ ಇಚ್ಛೆ ಎಂದೆ. ಅದು ಸತ್ಯವೇ. ಆದರೆ ಅಷ್ಟು ಹೇಳಿ ನಾನು ಸುಮ್ಮನಾದೆ. ಆ ಇಬ್ಬರನ್ನು ಎರಡು ದಿನ ಕತ್ತಲಲ್ಲಿ ಇಟ್ಟದ್ದು ಯಾಕೆ, ಮುಂದೆ ಬರುವ ತಂದೆಗೂ ಹೀಗೇ ಆಗುತ್ತದೆಯೇ ಎಂದು ನಾನೂ ಕೇಳಲಿಲ್ಲ, ಜಮಾಅತ್‌ನವರೂ ಕೇಳಲಿಲ್ಲ. ಶಾಮ್ ನಾಡಿನಲ್ಲಿ ಪ್ಲೇಗ್ ಹಬ್ಬಿದಾಗ ಉಮರ್(ರ) ತಮ್ಮ ಜನರನ್ನು ಹಿಂದಕ್ಕೆ ಕರೆದುಕೊಂಡು ಹೊರಟರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ವಿಧಿಯನ್ನು ನಂಬುವವನು ಕಾರಣಗಳನ್ನು ಹುಡುಕಬಾರದು ಎಂದು ದೀನ್ ಹೇಳಿಲ್ಲ. ಸಬ್ರ್ ದುಃಖದಲ್ಲಿರುವವರಿಗೆ. ಉಳಿದ ನಮಗೆ ಇರುವುದು ಹೊಣೆ.

ಹೊಣೆ ಎಂದರೆ ಏನು? ಉಮರ್(ರ)ರ ಕಾಲದ ಇನ್ನೊಂದು ಘಟನೆ ಕೇಳಿ. ಮದೀನಾದ ಹೊರಗೆ ಒಂದು ವ್ಯಾಪಾರಿ ತಂಡ ಬೀಡುಬಿಟ್ಟಿತ್ತು. ಖಲೀಫರು ರಾತ್ರಿ ಕಾವಲಿಗೆ ಹೋಗಿದ್ದರು. ಒಂದು ಮಗು ಮತ್ತೆ ಮತ್ತೆ ಅಳುತ್ತಿತ್ತು. ಮಗುವನ್ನು ಸಮಾಧಾನ ಮಾಡು ಎಂದು ತಾಯಿಗೆ ಎರಡು ಸಲ ಹೇಳಿದರು. ಕೊನೆಗೆ ಬೇಸರದಿಂದ ಗದರಿದರು. ಎದುರಿಗಿರುವುದು ಖಲೀಫ ಎಂದು ತಿಳಿಯದ ಆಕೆ ನಿಜ ಹೇಳಿದಳು: ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ, ಅದಕ್ಕೇ ಬೇಗ ಹಾಲು ಬಿಡಿಸುತ್ತಿದ್ದೇನೆ. ಅಂದಿನ ಫಜ್ರ್ ನಮಾಝ್‌ನಲ್ಲಿ ಅವರ ಅಳುವಿನಿಂದ ಕಿರಾಅತ್ ಜನರಿಗೆ ಸರಿಯಾಗಿ ಕೇಳಲಿಲ್ಲ. ನಮಾಝ್ ಮುಗಿದ ಮೇಲೆ, ಇನ್ನು ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಎಂದು ಸಾರಿಸಿದರು.

ಇಲ್ಲಿ ಗಮನಿಸಿ ಸಹೋದರರೇ. ಅವರು ಮೊದಲು ತಾಯಿಯನ್ನು ತಪ್ಪಿತಸ್ಥೆ ಎಂದುಕೊಂಡರು. ವಿಚಾರಿಸಿದಾಗ ತಪ್ಪು ನಿಯಮದಲ್ಲಿತ್ತು, ಆ ನಿಯಮ ಅವರದೇ ಆಗಿತ್ತು. ಅವರು ನಿಯಮವನ್ನೇ ಬದಲಿಸಿದರು. ಆಸ್ಪತ್ರೆಯಲ್ಲಿ ಮಗುವಿಗೆ ಏನಾದರೂ ಆದರೆ ನಾವು ಮಾಡುವುದೇನು? ಸಿಕ್ಕ ನರ್ಸ್ ಮೇಲೆ ಕೂಗಾಡುತ್ತೇವೆ. ಕೆಲವು ಕಡೆ ಕೈ ಎತ್ತುವುದೂ ಉಂಟು. ಅದು ಹರಾಮ್ ಎಂಬುದು ಇರಲಿ, ಕಾನೂನಿನಲ್ಲೂ ಅಪರಾಧ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಲ್ಲೇ ಕಾಯ್ದೆ ಬಂದಿದೆ. ರಾತ್ರಿ ಪಾಳಿಯಲ್ಲಿ ಇಡೀ ಘಟಕದ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಸ್ಟಾಫ್ ನರ್ಸ್ ಅನ್ನು ಬೈದರೆ ಮರುದಿನ ಇನ್ನೊಬ್ಬ ನರ್ಸ್ ಬರುವುದಿಲ್ಲ. ಇರುವವರೂ ಬೇರೆ ಕಡೆ ವರ್ಗ ಕೇಳುತ್ತಾರೆ.

ಹಾಗಾದರೆ ಸರಿಯಾಗಿ ವಿಚಾರಿಸುವುದು ಹೇಗೆ? ಅದಕ್ಕೆ ದಾರಿ ಈಗಾಗಲೇ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸರ್ಕಾರಿ ಆಸ್ಪತ್ರೆಗಳ ಮಕ್ಕಳ ವಿಭಾಗಗಳಿಗಾಗಿ 'ಮುಸ್ಕಾನ್' ಎಂಬ ಗುಣಮಟ್ಟದ ಕಾರ್ಯಕ್ರಮ ಆರಂಭಿಸಿತು. ನಮ್ಮ ಮನೆಮಾತಿನ ಪದವೇ, ಮುಸ್ಕಾನ್ ಎಂದರೆ ನಗು. ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ, ಮಕ್ಕಳ ಹೊರರೋಗಿ ವಿಭಾಗ, ಮಕ್ಕಳ ವಾರ್ಡ್, ತೀರಾ ಸೊರಗಿದ ಮಕ್ಕಳ ಪೌಷ್ಟಿಕ ಪುನಶ್ಚೇತನ ಕೇಂದ್ರ, ಇವುಗಳನ್ನು ಪಟ್ಟಿ ಹಿಡಿದು ಪರೀಕ್ಷಿಸುತ್ತಾರೆ. ಪರೀಕ್ಷಿಸುವ ಬಗೆ ನಾಲ್ಕು: ಕಣ್ಣಾರೆ ನೋಡುವುದು, ಸಿಬ್ಬಂದಿಯನ್ನು ಕೇಳುವುದು, ದಾಖಲೆ ತೆರೆಯುವುದು, ತಂದೆತಾಯಿಯನ್ನು ಕೇಳುವುದು. ಪೂರ್ತಿ ಇದ್ದರೆ 2 ಅಂಕ, ಅರೆಬರೆ ಇದ್ದರೆ 1, ಇಲ್ಲದಿದ್ದರೆ 0. ಪ್ರಮಾಣಪತ್ರ ಬೇಕಾದರೆ ಒಟ್ಟಾರೆ ಕನಿಷ್ಠ ನೂರಕ್ಕೆ 70 ಬರಬೇಕು. ತಂದೆತಾಯಿಯನ್ನು ಕೇಳುವುದೂ ಈ ಪರೀಕ್ಷೆಯ ಒಂದು ಭಾಗ ಎಂಬುದನ್ನು ಮರೆಯಬೇಡಿ. ಗಾರೆ ಕೆಲಸದ ಆ ಸಹೋದರರ ಮಾತಿಗೂ ಅಲ್ಲಿ ಅಂಕ ಇದೆ.

ಹಿರಿಯೂರಿನವರಿಗೆ ಒಂದು ಮಾತು ಬೇಗ ಅರ್ಥವಾಗುತ್ತದೆ. ಮಳೆಗಾಲ ಬಂತೆಂದರೆ ಮಾರಿಕಣಿವೆ ಎಷ್ಟು ಅಡಿ ಆಯಿತು ಎಂದು ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಕೇಳುತ್ತಾರೆ. 130 ಅಡಿ ಎಂಬುದು ಮಕ್ಕಳಿಗೂ ಗೊತ್ತು. 1933ರ ನಂತರ 2022ರಲ್ಲಿ ಕೋಡಿ ಬಿದ್ದದ್ದನ್ನು ನೋಡಲು ಊರಿಗೂರೇ ಹೋಯಿತು. ಆದರೆ ಈ ತಿಂಗಳು ನಮ್ಮ ಜಿಲ್ಲೆಯ ಶಿಶು ಘಟಕಕ್ಕೆ ಎಷ್ಟು ಕೂಸುಗಳು ಬಂದವು, ಎಷ್ಟು ಮನೆಗೆ ಹೋದವು ಎಂದು ನಮ್ಮಲ್ಲಿ ಯಾರು ಕೇಳಿದ್ದಾರೆ?

ಕೇಳುವಾಗಲೂ ಎಚ್ಚರ ಬೇಕು. ಸತ್ತ ಮಕ್ಕಳ ಸಂಖ್ಯೆ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಕಷ್ಟದ ಕೂಸುಗಳನ್ನೆಲ್ಲ ದಾವಣಗೆರೆಗೋ ಬೆಂಗಳೂರಿಗೋ ರೆಫರ್ ಮಾಡಿಬಿಡುವ ಆಸ್ಪತ್ರೆಯಲ್ಲಿ ಸಾವು ಕಡಿಮೆ ಕಾಣುತ್ತದೆ. 1,800 ಗ್ರಾಂಗಿಂತ ಕಡಿಮೆ ತೂಕದ ಕೂಸುಗಳನ್ನು ಸೇರಿಸಿಕೊಂಡು ಹೋರಾಡುವ ಆಸ್ಪತ್ರೆಯಲ್ಲಿ ಹೆಚ್ಚು ಕಾಣುತ್ತದೆ. ಆದ್ದರಿಂದ ನಾಲ್ಕನ್ನೂ ಒಟ್ಟಿಗೆ ಕೇಳಬೇಕು: ಸೇರಿದವರೆಷ್ಟು, ಗುಣವಾಗಿ ಹೋದವರೆಷ್ಟು, ಬೇರೆಡೆಗೆ ಕಳಿಸಿದ್ದೆಷ್ಟು, ಸಹಿ ಮಾಡಿ ಕರೆದೊಯ್ದವರೆಷ್ಟು. ಆ ಕೊನೆಯ ಸಂಖ್ಯೆಯಲ್ಲಿ ಆಸ್ಪತ್ರೆ ಜನರೊಂದಿಗೆ ಎಷ್ಟು ಮಾತಾಡುತ್ತದೆ ಎಂಬುದು ತಿಳಿಯುತ್ತದೆ.

ಇನ್ನು ಕಣ್ಣಿಗೆ ಕಾಣುವ ವಿಷಯಗಳು. ಶಿಶು ಘಟಕದ ಬಾಗಿಲಲ್ಲಿ ಕೈ ತೊಳೆಯಲು ನೀರು, ಸೋಪು ರಾತ್ರಿಯೂ ಇರುತ್ತದೆಯೇ? ದಿನಕ್ಕೆ ಐದು ಸಲ ವುಝೂ ಮಾಡುವ ನಮಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ. ಪುಟ್ಟ ಕೂಸುಗಳಿಗೆ ಸೋಂಕು ತಗಲುವ ದೊಡ್ಡ ದಾರಿ ನಮ್ಮ ಕೈಗಳೇ. ಉಸಿರಿಗೆ ಕಷ್ಟಪಡುವ ಮಗು ಬಂದರೆ ಚೀಟಿ ಸಾಲಿನಲ್ಲಿ ನಿಲ್ಲಿಸುತ್ತಾರೋ, ನೇರ ಒಳಗೆ ಕರೆಯುತ್ತಾರೋ? ಹೊಸದುರ್ಗದಿಂದಲೋ ಹೊಳಲ್ಕೆರೆಯಿಂದಲೋ ಕಳಿಸುವಾಗ ಮುಂಚೆ ಫೋನ್ ಮಾಡಿ, ಕೊಟ್ಟ ಔಷಧಿ ಬರೆದು, ದಾರಿಯಲ್ಲಿ ಬೆಚ್ಚಗಿಟ್ಟು ಕಳಿಸುತ್ತಾರೆಯೇ? ತಾಯಿಗೆ ಮಲಗಲು ಜಾಗ, ಊಟ, ಶೌಚಾಲಯ ಇದೆಯೇ? ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಅಂಟಿಸಿ ಬೆಚ್ಚಗಿಡುವ ಕಾಂಗರೂ ಆರೈಕೆಗೆ ದುಬಾರಿ ಯಂತ್ರ ಬೇಕಿಲ್ಲ. ಆದರೆ ತಾಯಿ ಆಸ್ಪತ್ರೆಯಲ್ಲಿರಬೇಕು, ಅವಳಿಗೆ ಒಂದು ಕುರ್ಚಿ ಬೇಕು.

ಬೆಂಕಿಯ ಬಗ್ಗೆಯೂ ಕೇಳಿ. 2021ರ ಜನವರಿ 9ರ ನಸುಕಿನಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ಶಿಶು ಘಟಕಕ್ಕೆ ಬೆಂಕಿ ಬಿತ್ತು. 17 ಕೂಸುಗಳಲ್ಲಿ 10 ಹೋದವು. 2024ರ ನವೆಂಬರ್ 15ರ ರಾತ್ರಿ ಝಾನ್ಸಿಯ ವೈದ್ಯಕೀಯ ಕಾಲೇಜಿನಲ್ಲೂ 10 ಕೂಸುಗಳು ಹೋದವು. ಆಮ್ಲಜನಕ, ವಾರ್ಮರ್, ವೈರು ಎಲ್ಲವೂ ಒಂದೇ ಕೋಣೆಯಲ್ಲಿರುವ ಜಾಗ ಅದು. ನಂದಿಸುವ ಸಿಲಿಂಡರಿನ ಅವಧಿ ಮುಗಿದಿದೆಯೇ, ಎರಡನೆಯ ಬಾಗಿಲಿಗೆ ಬೀಗ ಇದೆಯೇ ಎಂದು ನೋಡಲು ಡಾಕ್ಟರೇ ಆಗಬೇಕಿಲ್ಲ.

ಮಗು ತೀರಿಕೊಂಡಾಗ ಅದರ ಕಾರಣಗಳ ಪರಿಶೀಲನೆ ನಡೆಸಬೇಕೆಂಬ ಸರ್ಕಾರದ ಮಾರ್ಗಸೂಚಿಯೂ ಇದೆ. ಯಾರನ್ನೂ ಶಿಕ್ಷಿಸುವುದು ಅದರ ಉದ್ದೇಶವಲ್ಲ. ಎಲ್ಲಿ ತಡವಾಯಿತು ಎಂದು ಹುಡುಕುವುದು. ಮನೆಯಲ್ಲೋ, ದಾರಿಯಲ್ಲೋ, ಆಸ್ಪತ್ರೆಯಲ್ಲೋ? ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಸಿಬ್ಬಂದಿ ಇದಕ್ಕಾಗಿ ಮನೆಗೆ ಬಂದರೆ ಬಾಗಿಲು ಹಾಕಬೇಡಿ. ನೋವಾಗುತ್ತದೆ, ಗೊತ್ತು. ನೀವು ಹೇಳುವ ಮಾತು ಇನ್ನೊಂದು ಮನೆಯ ಕೂಸನ್ನು ಉಳಿಸಬಹುದು. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂಬ ಬೋಧನೆ ಸೂರಾ ಅಲ್‌ಮಾಇದಾದಲ್ಲಿದೆ.

ನಮ್ಮ ತಪ್ಪುಗಳನ್ನೂ ಹೇಳಲೇಬೇಕು. ಒಂದು ಕೂಸಿಗೆ ಹದಿನೈದು ಜನ ನೋಡಲು ಹೋಗುತ್ತೇವೆ. ತಹ್ನೀಕ್ ಸುನ್ನತ್, ನಿಜ. ಆದರೆ ವಾರ್ಮರ್‌ನಲ್ಲಿರುವ ಕೂಸಿನ ಬಾಯಿಗೆ ನರ್ಸ್ ಕಣ್ಣು ತಪ್ಪಿಸಿ ಖರ್ಜೂರ, ಜೇನು ಹಚ್ಚುವುದು ಸುನ್ನತ್‌ನ ಉದ್ದೇಶವಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡ ಎಂದು ವೈದ್ಯರು ಹೇಳುತ್ತಾರೆ. ಕೂಸು ಗುಣವಾಗಲಿ, ಡಾಕ್ಟರನ್ನು ಕೇಳಿಯೇ ಮಾಡೋಣ. ಮೀಲಾದ್ ದಿನ ರೋಗಿಗಳಿಗೆ ಹಣ್ಣು, ಬ್ರೆಡ್ ಹಂಚಿ ಫೋಟೊ ತೆಗೆಸಿಕೊಳ್ಳುತ್ತೇವೆ. ಅಲ್ಲಾಹನು ಅದನ್ನು ಸ್ವೀಕರಿಸಲಿ. ಆದರೆ ವಾರ್ಡ್‌ಗೆ ಬೇಕಾಗಿರುವುದು ಏನು ಎಂದು ಒಮ್ಮೆಯಾದರೂ ಸಿಸ್ಟರ್ ಅವರನ್ನು ಕೇಳಿದ್ದೇವೆಯೇ?

ಈಜಿಪ್ಟಿನ ಆಡಳಿತಗಾರ ಅಹ್ಮದ್ ಇಬ್ನು ತೂಲೂನ್ 9ನೇ ಶತಮಾನದಲ್ಲಿ ಒಂದು ಆಸ್ಪತ್ರೆ ಕಟ್ಟಿಸಿದರು. ಒಳಗೆ ಬಂದವರ ಬಟ್ಟೆ, ಹಣವನ್ನು ಜೋಪಾನವಾಗಿಟ್ಟು ಬೇರೆ ಬಟ್ಟೆ ಕೊಡುತ್ತಿದ್ದರು. ರೋಗಿ ಒಂದು ಕೋಳಿ, ಒಂದು ರೊಟ್ಟಿ ತಿನ್ನುವಷ್ಟಾದರೆ ಗುಣವಾಯಿತೆಂದು ಮನೆಗೆ ಕಳಿಸುತ್ತಿದ್ದರು. ಇಬ್ನು ತೂಲೂನ್ ಪ್ರತಿ ಶುಕ್ರವಾರ ತಾವೇ ಹೋಗಿ ಔಷಧಿ ಉಗ್ರಾಣ, ವೈದ್ಯರು, ರೋಗಿಗಳನ್ನು ನೋಡುತ್ತಿದ್ದರು. ಒಮ್ಮೆ ಮಾನಸಿಕ ರೋಗಿಯೊಬ್ಬ ದಾಳಿಂಬೆ ಕೇಳಿ ಪಡೆದು ಅದನ್ನು ಅವರ ಎದೆಗೇ ಎಸೆದ. ಅಂದಿನಿಂದ ಅವರು ಮತ್ತೆ ಅಲ್ಲಿಗೆ ಹೋಗಲಿಲ್ಲ ಎಂದು ಇತಿಹಾಸಕಾರ ಅಲ್‌ಮಕ್ರೀಝಿ ದಾಖಲಿಸಿದ್ದಾರೆ. ಆಸ್ಪತ್ರೆ ಕಟ್ಟಿದ್ದು ದೊಡ್ಡ ಪುಣ್ಯ. ಪ್ರತಿ ಶುಕ್ರವಾರ ಹೋದದ್ದು ಅದಕ್ಕಿಂತ ದೊಡ್ಡದು. ನಿಲ್ಲಿಸಿದ್ದು ಮಾತ್ರ ನಷ್ಟ. ನಮಗೂ ಒಂದು ದಿನ ದಾಳಿಂಬೆ ಬೀಳುತ್ತದೆ. ನಿಮಗೇನು ಕೆಲಸ ಇಲ್ಲಿ ಎಂದು ಯಾರಾದರೂ ಕೇಳುತ್ತಾರೆ. ಆಗ ಸಿಟ್ಟಾಗದೆ ಮುಂದಿನ ತಿಂಗಳೂ ಹೋಗಬೇಕು.

ಆದ್ದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮುತವಲ್ಲಿಗಳಲ್ಲಿ, ಯುವಕರಲ್ಲಿ ನನ್ನ ಕೋರಿಕೆ ಇಷ್ಟು. ಪ್ರತಿ ಊರಿನಿಂದ ಇಬ್ಬರು, ಅವರಲ್ಲಿ ಒಬ್ಬರು ಮಹಿಳೆ, ತಿಂಗಳಿಗೊಂದು ಗೊತ್ತಾದ ದಿನ ಅಧಿಕಾರಿಗಳ ಅನುಮತಿ ಪಡೆದು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಲಿ. ಬೇರೆ ಸಮುದಾಯದ ನೆರೆಯವರನ್ನೂ ಕರೆದೊಯ್ಯಲಿ. ಪಕ್ಕಪಕ್ಕದ ವಾರ್ಮರ್‌ಗಳಲ್ಲಿ ತಾಂಡಾದ ಕೂಸು, ಹಟ್ಟಿಯ ಕೂಸು, ನಮ್ಮ ಮೊಹಲ್ಲಾದ ಕೂಸು ಒಟ್ಟಿಗೇ ಮಲಗಿರುತ್ತವೆ. ಪ್ರತಿ ಸಲ ಅವೇ ಪ್ರಶ್ನೆ ಕೇಳಿ, ಉತ್ತರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಚೆನ್ನಾಗಿರುವುದನ್ನು ಮೊದಲು ಬರೆದು ಧನ್ಯವಾದ ಹೇಳಲಿ. ಕೊರತೆಯನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಲಿಖಿತವಾಗಿ ಕೊಡಲಿ. ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ರೆಫರ್ ಆದರೆ ವಾಹನ ಉಚಿತ ಎಂಬುದನ್ನು ಹೊರಗೆ ಕೂತ ತಂದೆಯರಿಗೆ ತಿಳಿಸಲಿ. ಮಗು ಹೇಗಿದೆ ಎಂದು ದಿನಕ್ಕೊಮ್ಮೆಯಾದರೂ ಅವರಿಗೆ ತಿಳಿಯುವಂತೆ ವೈದ್ಯರಲ್ಲಿ ವಿನಂತಿಸಲಿ.

ನಿಮ್ಮಲ್ಲಿ ಪ್ರತಿಯೊಬ್ಬರೂ ಪಾಲಕರು, ಪ್ರತಿಯೊಬ್ಬರನ್ನೂ ಅವರ ಪಾಲನೆಯಲ್ಲಿದ್ದವರ ಬಗ್ಗೆ ವಿಚಾರಿಸಲಾಗುವುದು ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಆ ಸಹೋದರರ ಪ್ರಶ್ನೆಗೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ. ಆದರೆ ಅಂತಹ ಇನ್ನೊಬ್ಬ ತಂದೆ ಎರಡು ದಿನ ಬಾಗಿಲ ಹೊರಗೆ ಏನೂ ತಿಳಿಯದೆ ಕೂರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಯಾ ಅಲ್ಲಾಹ್, ಕಾಯಿಲೆಯಲ್ಲಿರುವ ಎಲ್ಲ ಮಕ್ಕಳಿಗೆ ಶಿಫಾ ಕರುಣಿಸು. ಮಕ್ಕಳನ್ನು ಕಳಕೊಂಡ ತಂದೆತಾಯಂದಿರಿಗೆ ಸಬ್ರ್ ನೀಡು. ರಾತ್ರಿಯಿಡೀ ಎಚ್ಚರವಿದ್ದು ಕೂಸುಗಳನ್ನು ಕಾಯುವ ವೈದ್ಯರಿಗೆ, ದಾದಿಯರಿಗೆ ಪ್ರತಿಫಲ ನೀಡು. ಅಮಾನತನ್ನು ಅಮಾನತಾಗಿ ಕಾಣುವ ಕಣ್ಣು ನಮಗೆ ಕೊಡು. ಆಮೀನ್.